ನಲವತ್ತೆರಡನೇ ನಂಬರು

ಆ ಶಾಲೆಯಲ್ಲಿ ಅತಿಥಿಗಳಿಗೆ ಅಂತಲೇ ಒಂದು ಕುರ್ಚಿ ಇತ್ತು. ಹೆಡ್‌ಮಾಸ್ಟರ ರೂಮಿನಲ್ಲಿ, ಅವರ ಮೇಜಿನ ಎದುರಿಗೆ. ಕೆಂಪು ಮೆತ್ತೆ, ಎರಡು ಕಡೆ ಕೈ ಇಡೋಕೆ ಹಿಡಿ, ಬೆನ್ನಿನ ಹಲಗೆ ಮೇಲೆ ಬಿಳಿ ಪೇಂಟಿನಲ್ಲಿ ಬರಹ: ಅತಿಥಿಗಳಿಗೆ ಮಾತ್ರ. ಬರೆದವರು ಲೆಕ್ಕದ ಮೇಷ್ಟ್ರು. ಅಕ್ಷರ ದುಂಡಗಿತ್ತು.

ಅದೇ ಶಾಲೆಯಲ್ಲಿ ಒಬ್ಬಳು ಅತಿಥಿ ಶಿಕ್ಷಕಿಯೂ ಇದ್ದಳು. ಹನ್ನೊಂದು ವರ್ಷದಿಂದ ಇದ್ದಳು. ಆ ಕುರ್ಚಿಯಲ್ಲಿ ಒಂದು ದಿನವೂ ಕೂತವಳಲ್ಲ. ಜವಾನ ರಿಟೈರಾದ ಮೇಲೆ ಆ ಜಾಗಕ್ಕೆ ಇನ್ನೊಬ್ಬರನ್ನ ಹಾಕಿರಲಿಲ್ಲ, ಹಾಗಾಗಿ ದಿನಾ ಬೆಳಿಗ್ಗೆ ಅದರ ಧೂಳು ಒರೆಸೋದು ಅವಳ ಪಾಲಿಗೆ ಬಂದಿತ್ತು.

ಎಂಥಾ ಅತಿಥಿ ನೋಡಿ! ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಠಿಕಾಣಿ ಹೂಡಿದ ನೆಂಟರನ್ನ ಯಾರಾದರೂ ಅತಿಥಿ ಅಂತಾರಾ? ಬೇರೆ ಏನಾದರೂ ಅಂದು ಬೈತಾರೆ. ಆದರೆ ಇಲಾಖೆಯ ಲೆಕ್ಕವೇ ಬೇರೆ. ಪರೀಕ್ಷೆ ಮುಗಿದ ದಿನ ಅವಳನ್ನ ಮನೆಗೆ ಕಳಿಸೋದು, ಶಾಲೆ ತೆರೆದ ಮೇಲೆ ಹೊಸ ಆರ್ಡರ್ ಕೊಟ್ಟು ಕರೆಸೋದು. ಆ ಆರ್ಡರ್ ಬರಬೇಕಾದರೆ ಹೆಡ್‌ಮಾಸ್ಟರು ಒಂದು ಹಾಳೆ ಮೇಲೆ 'ಸೇವೆ ತೃಪ್ತಿಕರವಾಗಿದೆ' ಅಂತ ಬರೆದು ಸಹಿ ಹಾಕಬೇಕು. ಆ ಎರಡು ಪದಕ್ಕೋಸ್ಕರ ಅವಳು ವರ್ಷವಿಡೀ ಹಲ್ಲು ಕಿರಿದುಕೊಂಡು ಓಡಾಡಬೇಕು. ಮನೆ ನಡೆಯೋಕೆ ಆ ಕೆಲಸ ಬೇಕಿತ್ತು. ಕಿರಿಯುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ಐದು ಕುರ್ಚಿ, ಕಾಯಂ ಆದವರು ಐದು ಜನ. ಲೆಕ್ಕ ಸರಿಹೋಯ್ತು. ಹಾಜರಿ ಪುಸ್ತಕದಲ್ಲೂ ಐದು ಹೆಸರು. ಅವಳು ಸಹಿ ಹಾಕುತ್ತಿದ್ದದ್ದು ಸ್ಟಾಕ್ ಪುಸ್ತಕದ ಕೊನೆ ಹಾಳೆಗಳಲ್ಲಿ. ಮುರಿದ ಬೆಂಚು ಏಳು, ತೂತು ಬಿದ್ದ ಬಕೆಟ್ ಎರಡು, ಹಳೇ ಗಂಟೆ ಒಂದು, ಅದರ ಕೆಳಗೆ ಅವಳ ಸಹಿ. ಅವಳ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಹೆಡ್‌ಮಾಸ್ಟರಿಂದ ಹಿಡಿದು ಒಂದನೇ ಕ್ಲಾಸಿನ ಮಕ್ಕಳವರೆಗೆ ಎಲ್ಲರಿಗೂ ಅವಳು ಗೆಸ್ಟ್ ಮಿಸ್.

ಈ ವರ್ಷ ಇಲಾಖೆಗೆ ಇದ್ದಕ್ಕಿದ್ದ ಹಾಗೆ ಮಕ್ಕಳ ಸಂತೋಷದ ಮೇಲೆ ಪ್ರೀತಿ ಉಕ್ಕಿತು. ಒಂದು ಸುತ್ತೋಲೆ ಬಂತು. ಅದರ ಜೊತೆಗೇ ಕ್ಲಾಸಿಗೊಂದರಂತೆ ಐದು ದಪ್ಪ ಪುಸ್ತಕ. ರಟ್ಟಿನ ಮೇಲೆ 'ಆನಂದ ವಹಿ' ಅಂತ ಅಚ್ಚು. ಒಳಗೆ ಪ್ರತಿ ಮಗುವಿಗೆ ಒಂದು ಸಾಲು. ದಿನಕ್ಕೆ ಎರಡು ಚೌಕ, ಬೆಳಿಗ್ಗೆಗೊಂದು, ಸಂಜೆಗೊಂದು. ಚೌಕದೊಳಗೆ ದುಂಡನೆ ಮುಖ, ಎರಡು ಕಣ್ಣು. ಬಾಯಿ ಮಾತ್ರ ಇಲ್ಲ. ಮಗು ಪೆನ್ಸಿಲ್ ಹಿಡಿದು ಬಾಯಿ ಬರೆಯಬೇಕು. ತುದಿ ಮೇಲಕ್ಕಿದ್ದರೆ ನಗು, ಕೆಳಕ್ಕಿದ್ದರೆ ಅಳು.

ಹೆಡ್‌ಮಾಸ್ಟರು ಮೀಟಿಂಗ್ ಕರೆದು ಸುತ್ತೋಲೆ ಓದಿದರು. ಗೆಸ್ಟ್ ಮಿಸ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. 

"ತರಗತಿಯಲ್ಲಿರುವ ಎಲ್ಲರೂ ಪ್ರತಿದಿನ ಎರಡು ಸಲ ತಮ್ಮ ಮುಖಭಾವ ದಾಖಲಿಸತಕ್ಕದ್ದು. ಬೆಳಿಗ್ಗೆ ಅಳುವ ಮುಖವಿದ್ದಲ್ಲಿ ಸಂಜೆಯೊಳಗೆ ಅದನ್ನು ನಗುಮುಖವಾಗಿಸುವುದು ಶಿಕ್ಷಕರ ಹೊಣೆ. ತಪ್ಪಿದಲ್ಲಿ ಲಿಖಿತ ವಿವರಣೆ ನೀಡತಕ್ಕದ್ದು." ಕನ್ನಡಕ ಸರಿಮಾಡಿಕೊಂಡು ಮುಂದುವರಿಸಿದರು. "ಇನ್ನು ಮೂರು ತಿಂಗಳಿಗೆ, ವರ್ಷದ ಕೊನೆಗೆ, ಇಲಾಖೆಯ ಸಾಹೇಬ್ರು ಬಂದು ನೋಡ್ತಾರೆ. ಎಲ್ಲಾ ನಗ್ತಾ ಇದ್ರೆ ನಮಗೆ 'ಆನಂದ ಶಾಲೆ' ಅಂತ ಪ್ರಶಸ್ತಿ."

"ನಮಗೂ ಒಂದು ಸಾಲು ಇಟ್ಟಿದ್ರೆ ಚೆನ್ನಾಗಿತ್ತು ಸಾರ್," ಅಂದರು ಲೆಕ್ಕದ ಮೇಷ್ಟ್ರು, ತಮಾಷೆಗೆ.

"ನಮಗ್ಯಾಕ್ರೀ? ಶಿಕ್ಷಕರು ಸದಾ ನಗುಮುಖದಿಂದ ಇರತಕ್ಕದ್ದು ಅಂತ ಐದನೇ ಅಂಶದಲ್ಲೇ ಇದೆ. ಇರತಕ್ಕದ್ದು ಅಂದಮೇಲೆ ಇದ್ದ ಹಾಗೇ ಲೆಕ್ಕ." ಆಮೇಲೆ ಬಾಗಿಲ ಕಡೆ ತಿರುಗಿದರು. "ಗೆಸ್ಟ್ ಮಿಸ್, ಪ್ರಶಸ್ತಿ ಬಂತು ಅಂದ್ಕೊಳ್ಳಿ, ಕಾಯಂ ಮಾಡಿ ಅಂತ ನಾನೇ ನಿಮ್ಮ ಹೆಸರು ಬರೆದು ಕಳಿಸ್ತೀನಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಿ."

ಈ ಮಾತು ಅವಳಿಗೆ ಹೊಸದಲ್ಲ. ನೀರಿನ ಟ್ಯಾಂಕಿ ಕಟ್ಟಿಸುವಾಗ ಒಂದು ಸಲ, ಗೋಡೆಗೆ ಬಣ್ಣ ಹೊಡೆಸುವಾಗ ಒಂದು ಸಲ ಇದನ್ನೇ ಹೇಳಿದ್ದರು. ಹಾಳು ಆಸೆ ನೋಡಿ, ಕೇಳಿದಾಗಲೆಲ್ಲ ಎದ್ದು ಕೂರುತ್ತಿತ್ತು.

ಒಂದು ವಾರದೊಳಗೆ ಎಲ್ಲರಿಗೂ ಒಂದು ಸತ್ಯ ಗೊತ್ತಾಯ್ತು. ಅಳೋ ಮಗುವನ್ನ ನಗಿಸೋದು ಮಗ್ಗಿ ಕಲಿಸಿದಷ್ಟು ಸುಲಭದ ಕೆಲಸ ಅಲ್ಲ. ಹಿರಿಯ ಮಿಸ್ಸು ಮೊದಲನೇ ದಿನ ಗದರಿಸಿ ನೋಡಿದರು. ಮಗು ಇನ್ನೂ ಜೋರಾಗಿ ಅತ್ತಿತು. ಎರಡನೇ ದಿನ ಅದರ ಕೈ ಹಿಡಿದುಕೊಂಡು ಗೆಸ್ಟ್ ಮಿಸ್ ಪಾಠ ಮಾಡುತ್ತಿದ್ದ ಎರಡನೇ ಕ್ಲಾಸಿನ ಬಾಗಿಲಿಗೆ ಬಂದರು.

"ಇದನ್ನ ಸ್ವಲ್ಪ ನೋಡ್ಕೊಳ್ರೀ. ನಿಮ್ಮ ಕೈಗುಣ ಚೆನ್ನಾಗಿದೆ."

ಕೈಗುಣದ ಸುದ್ದಿ ಶಾಲೆ ತುಂಬಾ ಹರಡಿತು. ಒಂದನೇ ಕ್ಲಾಸಿಂದ ಮೂರು, ಮೂರನೇ ಕ್ಲಾಸಿಂದ ಎರಡು, ಐದನೇ ಕ್ಲಾಸಿಂದ ಮೀಸೆ ಚಿಗುರೋಕೆ ಶುರುವಾದ ಒಬ್ಬ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲಾ ಅಳುವೂ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅವಳ ಸ್ವಂತ ನಲವತ್ತೊಂದು ಮಕ್ಕಳು ಒಳಗೆ ಇದ್ದೇ ಇದ್ದವು.

ನಗಿಸೋದು ಅಂದರೆ ಮೈ ಕೆಲಸ. ಗೇಟಿನ ಸರಳು ಬಿಡದೆ ಕಿರುಚೋ ಹುಡುಗನ ಬೆರಳನ್ನ ಒಂದೊಂದಾಗಿ ಬಿಡಿಸಬೇಕು. ಅವನು ಮುಂಗೈ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು, ಕಚ್ಚಿಸಿಕೊಂಡು ನಗಬೇಕು. ಮುಖ ತಿರುಗಿಸಿಕೊಂಡರೆ ಅವನಿಗೆ ಭಯವಾಗುತ್ತೆ. ಒಂದಕ್ಕೆ ಮಾಡಿಕೊಂಡವಳ ಚಡ್ಡಿ ಒಗೆದು ಕಿಟಕಿಗೆ ಹಾಕಬೇಕು. ಅಪ್ಪ ರಾತ್ರಿ ಅಮ್ಮನಿಗೆ ಹೊಡೆದದ್ದನ್ನ ಹೇಳೋ ಮಗುವಿನ ಮಾತು ಪೂರ್ತಿ ಕೇಳಬೇಕು, ಕೇಳಿ ಅದನ್ನ ಎಲ್ಲಿಡಬೇಕು ಅಂತ ಗೊತ್ತಾಗದೆ ಹೊಟ್ಟೆಯೊಳಗೇ ಇಟ್ಟುಕೊಳ್ಳಬೇಕು. ಆಮೇಲೆ ಕೋತಿ ಆಗಬೇಕು. ಕುದುರೆ ಆಗಬೇಕು. ಮೂವತ್ತೆಂಟು ವರ್ಷದ ಹೆಂಗಸು ಸಿಮೆಂಟು ನೆಲದ ಮೇಲೆ ಮಂಡಿಯೂರಿ, ಬೆನ್ನ ಮೇಲೆ ಎರಡು ಮಕ್ಕಳನ್ನ ಕೂರಿಸಿಕೊಂಡು ಹೇಷಾರವ ಮಾಡುತ್ತಿದ್ದಳು. ಕಿಟಕಿಯಾಚೆ ಕಾಯಂ ಆದವರು ಟೀ ಕುಡಿಯುತ್ತಾ ಮೆಚ್ಚಿಕೊಳ್ಳುತ್ತಿದ್ದರು. "ಅವರಿಗೆ ಮಕ್ಕಳು ಅಂದ್ರೆ ಪಂಚಪ್ರಾಣ ಕಣ್ರೀ. ನಮಗೆ ಅಷ್ಟು ತಾಳ್ಮೆ ಇಲ್ಲಪ್ಪ."

ತಾಳ್ಮೆಯಂತೆ ತಾಳ್ಮೆ! ಸಂಜೆ ಹೊತ್ತಿಗೆ ಅವಳ ಎರಡೂ ಹೆಗಲು ಸಿಂಬಳ ಕಣ್ಣೀರಿನಿಂದ ಒದ್ದೆ. ಮಂಡಿ ಊದಿ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಿತ್ತು.

ಆನಂದ ವಹಿ ನೋಡಿಕೊಳ್ಳೋಕೆ ಅವಳ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಅಡ್ಡಹೆಸರು ಚಾಕ್‌ಪೀಸ್. ಬೋರ್ಡಿನ ಕೆಳಗೆ ಬಿದ್ದ ಚಾಕ್‌ಪೀಸ್ ಚೂರು ತಿನ್ನೋ ಚಟ ಅವಳಿಗೆ, ತುಟಿ ಯಾವಾಗಲೂ ಬೆಳ್ಳಗೆ. ಮಾತು ಕಡಿಮೆ, ಕಣ್ಣು ಚುರುಕು. ಬೆಂಚಿನಿಂದ ಬೆಂಚಿಗೆ ಪುಸ್ತಕ ಒಯ್ಯುವುದು, ಎಲ್ಲರ ಹತ್ತಿರ ಬಾಯಿ ಬರೆಸುವುದು, ತಂದು ಮೇಜಿನ ಮೇಲಿಡುವುದು ಅವಳ ಜವಾಬ್ದಾರಿ. ತಿಂಗಳಿಗೆ ಎರಡು ಹಾಳೆ. ಮೊದಲನೇದರಲ್ಲಿ ನಲವತ್ತು ಸಾಲು. ಎರಡನೇದರಲ್ಲಿ ನಲವತ್ತೊಂದನೇ ನಂಬರು ಒಬ್ಬನೇ. ಅವನು ಬಿದ್ದರೂ ನಗುವವನು, ಬೈದರೂ ನಗುವವನು. ಹಾಗಾಗಿ ಮಿಸ್ ಎರಡನೇ ಹಾಳೆ ತಿರುಗಿಸಿ ನೋಡುತ್ತಲೇ ಇರಲಿಲ್ಲ. ಸಹಿ ಮೊದಲನೇ ಹಾಳೆಯಲ್ಲೇ ಮುಗಿಯುತ್ತಿತ್ತು.

ಮಿಸ್ ಮನೆಯಲ್ಲಿ ಇದ್ದದ್ದು ಅತ್ತೆ, ಒಂಬತ್ತು ವರ್ಷದ ಮಗಳು. ಗಂಡ ಲಾರಿ ಓಡಿಸುತ್ತಿದ್ದ, ವಾರಕ್ಕೆ ಎರಡು ದಿನ ಮನೆಗೆ ಬಂದರೆ ಹೆಚ್ಚು. ಒಂದು ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಓಡಿಬಂದಳು.

"ಅಮ್ಮಾ, ಓಟದಲ್ಲಿ ನಾನೇ ಫಸ್ಟು! ಇಡೀ ಸ್ಕೂಲಿಗೇ ಫಸ್ಟು!"

"ವೆರಿ ಗುಡ್. ಎಲ್ಲರೂ ಚಪ್ಪಾಳೆ. ಕೂತ್ಕೊ," ಅಂದಳು ಅವಳು. ತುಟಿ ಮೇಲೆ ಬೆರಳನ್ನೂ ಇಟ್ಟಳು.

ಮಗಳು ಸುತ್ತ ನೋಡಿದಳು. ಚಪ್ಪಾಳೆ ಹೊಡೆಯೋಕೆ ಅಜ್ಜಿ ಬಿಟ್ಟರೆ ಯಾರೂ ಇರಲಿಲ್ಲ. "ನಾನು ನಿನ್ನ ಕ್ಲಾಸಿನೋಳಲ್ಲ ಕಣಮ್ಮಾ," ಅಂದಳು. ಆಮೇಲೆ ಅಮ್ಮನ ಮುಖಾನೇ ನೋಡುತ್ತಾ ಕೇಳಿದಳು, "ನಗು ಎಲ್ಲಾ ಸ್ಕೂಲಲ್ಲೇ ಖಾಲಿ ಮಾಡ್ಕೊಂಡು ಬಂದ್ಯಾ?"

ಅತ್ತೆ ಒಳಗಿಂದಲೇ ದನಿ ಸೇರಿಸಿದರು. "ಇನ್ನೇನು ಮತ್ತೆ? ಹಲ್ಲನ್ನೆಲ್ಲ ಸ್ಕೂಲಿಗೆ ಕೊಟ್ಟು ಮನೆಗೆ ಬರೀ ದವಡೆ ತರ್ತಾಳೆ ನಿಮ್ಮಮ್ಮ. ನೀನೊಂದು ಕೆಲಸ ಮಾಡು ಮಗಾ. ನಾಳೆ ಅಳ್ತಾ ಅವಳ ಸ್ಕೂಲಿಗೆ ಹೋಗು. ಕುದುರೆ ಆಗಿ ಆಟ ಆಡಿಸ್ತಾಳೆ."

ಮಾತು ಚುಚ್ಚಿತು, ಆದರೆ ಸುಳ್ಳಲ್ಲ. ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಒಂದು ಸಲ ಅತ್ತು ಬರೋಣ ಅಂತ. ನಲ್ಲಿ ತಿರುಗಿಸಿಕೊಂಡು ಅಳುವಿಗೆ ಕಾದಳು. ಬರಲಿಲ್ಲ. ಬರೋದಿಲ್ಲ ಅಂದಮೇಲೆ ನೀರು ಯಾಕೆ ದಂಡ ಅಂತ ಮುಖ ತೊಳೆದು ಹೊರಗೆ ಬಂದಳು. ಅತ್ತೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಇಟ್ಟಿದ್ದರು. "ಮಂಡಿ ಚಾಚು," ಅಂದರು.

ಇಷ್ಟರಲ್ಲಿ ಶಿಕ್ಷಕರು ಪಾಪ ದಣಿದುಹೋಗಿದ್ದಾರೆ ಅನ್ನೋದು ಇಲಾಖೆಯ ಕಣ್ಣಿಗೂ ಬಿತ್ತು. 'ಶಿಕ್ಷಕರ ಒತ್ತಡ ನಿವಾರಣಾ ಶಿಬಿರ' ಅಂತ ಒಂದು ದಿನದ ಏರ್ಪಾಡಾಯ್ತು. ಹಾಜರಾಗತಕ್ಕದ್ದು. ಆದರೆ ಕಾಯಂ ಶಿಕ್ಷಕರು ಮಾತ್ರ.

"ನಿಮಗೇನ್ರೀ ಒತ್ತಡ," ಅಂದರು ಹೆಡ್‌ಮಾಸ್ಟರು ಬ್ಯಾಗು ಹೆಗಲಿಗೇರಿಸುತ್ತಾ. "ಅತಿಥಿಗಳಪ್ಪ ನೀವು. ಜವಾಬ್ದಾರಿ ಎಲ್ಲಾ ನಮ್ಮ ತಲೆ ಮೇಲೆ. ಇವತ್ತು ಒಂದು ದಿನ ಐದೂ ಕ್ಲಾಸು ನೋಡ್ಕೊಂಡುಬಿಡಿ."

ಐದು ಕ್ಲಾಸು ಅಂದರೆ ನೂರ ಅರವತ್ತಮೂರು ಮಕ್ಕಳು. ಎಲ್ಲರನ್ನೂ ತಂದು ಉದ್ದನೆ ಪಡಸಾಲೆಯಲ್ಲಿ ಕೂರಿಸಿದಳು. ಒಬ್ಬ ವಾಂತಿ ಮಾಡಿದ. ಇಬ್ಬರು ತಲೆ ಒಡೆದುಕೊಂಡರು. ಗೇಟಿನ ಹುಡುಗ ಗೇಟಿನ ಮೇಲೇ ಹತ್ತಿದ. ಹನ್ನೊಂದು ಗಂಟೆಗೆ ಅವಳ ಗಂಟಲು ಹೋಯ್ತು, ಆಮೇಲೆ ಚಪ್ಪಾಳೆಯಲ್ಲೇ ಮಾತು. ಬೆಳಿಗ್ಗೆ ಎಂಟೂವರೆಯಿಂದ ಮೂರೂವರೆವರೆಗೆ ಶೌಚಕ್ಕೆ ಹೋಗೋಕೆ ಆಗಲಿಲ್ಲ. ನೂರ ಅರವತ್ತಮೂರು ಮಕ್ಕಳನ್ನ ಯಾರ ಕೈಗೆ ಕೊಟ್ಟು ಹೋಗೋದು? ಹೊಟ್ಟೆ ಕೆಳಗೆ ಕಲ್ಲು ಕಟ್ಟಿದ ಹಾಗೆ ನೋವು. ಕಾಲು ಹತ್ತಿರ ಹತ್ತಿರ ಇಟ್ಟು ನಿಂತುಕೊಂಡು ನಗುತ್ತಿದ್ದಳು. ಚಾಕ್‌ಪೀಸ್ ಪುಸ್ತಕ ಎದೆಗೆ ಅವಚಿಕೊಂಡು ಬಂದು ಅವಳ ಮುಖಾನೇ ನೋಡುತ್ತಾ ನಿಂತಳು.

"ಏನೇ, ಏನು ನೋಡ್ತೀಯ?"

"ಏನಿಲ್ಲ ಮಿಸ್," ಅಂದು ಹುಡುಗಿ ಮೂಲೆಗೆ ಹೋಗಿ ಕೂತು ಏನೋ ಬರೆದುಕೊಂಡಳು.

ಮೂರೂವರೆಗೆ ಶಿಬಿರದವರು ವಾಪಸು ಬಂದರು. ಎಲ್ಲರ ಎದೆ ಮೇಲೂ ಹಳದಿ ನಗುಮುಖದ ಬ್ಯಾಡ್ಜು. "ಅಬ್ಬಾ, ಮನಸ್ಸು ಹೂವಿನ ಹಾಗೆ ಹಗುರ ಆಯ್ತು ನೋಡಿ," ಅಂದರು ಹೆಡ್‌ಮಾಸ್ಟರು. ಹಿರಿಯ ಮಿಸ್ಸು ಐದು ಫಾರಂ ತಂದು ಅವಳ ಕೈಗೆ ಕೊಟ್ಟರು. "ಶಿಬಿರದ ಬಗ್ಗೆ ಅಭಿಪ್ರಾಯ ಬರೆದು ಕೊಡಬೇಕಂತೆ ಕಣ್ರೀ. ನಿಮ್ಮ ಅಕ್ಷರ ಚೆನ್ನಾಗಿದೆ, ನಮ್ಮೈದು ಜನದ್ದೂ ನೀವೇ ಬರೆದುಬಿಡಿ. ಇದರಲ್ಲಿ ಬಿಸ್ಕತ್ತಿದೆ, ಉಳಿದಿತ್ತು."

ಫಾರಂನ ಮೊದಲನೇ ಪ್ರಶ್ನೆ: ಈಗ ನಿಮ್ಮ ಮನಸ್ಸಿನ ಭಾರ ಹೇಗಿದೆ? ಅವಳು ಮೊದಲು ಶೌಚಕ್ಕೆ ಹೋಗಿಬಂದಳು. ಆಮೇಲೆ ಕೂತು, ಅಲ್ಲ, ನಿಂತು, ಐದು ಸಲ ಬರೆದಳು: ತುಂಬಾ ಹಗುರವಾಗಿದೆ, ತುಂಬಾ ಹಗುರವಾಗಿದೆ. ಬಿಸ್ಕತ್ತನ್ನ ಗೇಟಿನ ಹುಡುಗನಿಗೆ ಕೊಟ್ಟಳು.

ಸಾಹೇಬ್ರು ಬರೋ ಹಿಂದಿನ ದಿನ ಹಿರಿಯ ಮಿಸ್ಸು ಹೊಸ ರಬ್ಬರ್ ಹಿಡಿದು ಕೂತರು. ಐದೂ ಆನಂದ ವಹಿ ಎದುರಿಗೆ. ಸಂಜೆಯ ಚೌಕದಲ್ಲಿ ಬಾಯಿ ಕೆಳಗಾಗಿದ್ದ ಕಡೆಯೆಲ್ಲ ಉಜ್ಜಿ, ಮೇಲಕ್ಕೆ ತಿರುಗಿಸಿ ಬರೆದರು. ಮೂರು ತಿಂಗಳಲ್ಲಿ ಅತ್ತಿದ್ದ ಮಕ್ಕಳೆಲ್ಲ ಒಂದೇ ಮಧ್ಯಾಹ್ನದಲ್ಲಿ ನಕ್ಕವು. ಎರಡನೇ ಕ್ಲಾಸಿನ ಎರಡನೇ ಹಾಳೆಯನ್ನ ಅವರೂ ತಿರುಗಿಸಲಿಲ್ಲ. ನಲವತ್ತೊಂದನೇ ನಂಬರು ನಗುವವನು ಅಂತ ಅವರಿಗೂ ಗೊತ್ತಿತ್ತು.

ಮಾರನೇ ದಿನ ಸಾಹೇಬ್ರು ಬಂದು ಕೆಂಪು ಮೆತ್ತೆಯ ಕುರ್ಚಿಯಲ್ಲಿ ಕೂತರು. ಮೃದು ಮಾತಿನ ಮನುಷ್ಯ. ಟೀ ತಟ್ಟೆ ಹಿಡಿದು ಗೆಸ್ಟ್ ಮಿಸ್ ಬಂದಳು. ಅವಳ ಕೈಯಲ್ಲಿ ತಟ್ಟೆ ಇದ್ದದ್ದರಿಂದ ಪುಸ್ತಕ ಹೊತ್ತುಕೊಂಡು ಚಾಕ್‌ಪೀಸ್ ಹಿಂದೆ ಬಂದಳು. ಸಾಹೇಬ್ರಿಗೆ ಒಂದು ಅಭ್ಯಾಸ. ಯಾವ ಪುಸ್ತಕವನ್ನೇ ಕೊಡಲಿ, ಮೊದಲು ಕೊನೇ ಹಾಳೆ ತೆಗೆಯೋದು. ತೆಗೆದರು.

"ಈ ನಲವತ್ತೆರಡನೇ ನಂಬರು ಯಾವ ಮಗೂರೀ? ಹೆಸರೇ ಬರೆದಿಲ್ಲ."

"ನಲವತ್ತೆರಡಾ?" ಹೆಡ್‌ಮಾಸ್ಟರು ಕತ್ತು ಚಾಚಿದರು. "ಎರಡನೇ ಕ್ಲಾಸಲ್ಲಿ ಇರೋದೇ ನಲವತ್ತೊಂದು ಸಾರ್."

ಸಾಹೇಬ್ರು ಹಾಳೆ ತಿರುಗಿಸಿದರು. ಹಿಂದಿನ ತಿಂಗಳು. ಅದರ ಹಿಂದಿನ ತಿಂಗಳು. ಬೆರಳು ಸಾಲಿನ ಮೇಲೆ ಮೆಲ್ಲಗೆ ಓಡಿತು, ಮುಖ ಸಣ್ಣಗಾಯ್ತು.

"ಅಯ್ಯೋ ದೇವರೇ. ಬೆಳಿಗ್ಗೆ ಅಳು, ಸಂಜೆ ಅಳು. ಬೆಳಿಗ್ಗೆ ಅಳು, ಸಂಜೆ ಅಳು. ಮೂರು ತಿಂಗಳಿಂದ! ಒಂದೇ ಒಂದು ದಿನ ನಕ್ಕಿದೆ ಅಷ್ಟೆ." ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಒಂದು ಪುಟ್ಟ ಮಗು ಮೂರು ತಿಂಗಳು ಅತ್ತಿದೆ, ಇಷ್ಟು ಜನ ಇದ್ದೀರಿ, ಯಾರ ಕಣ್ಣಿಗೂ ಬೀಳಲಿಲ್ವಾ? ನಿಮಗೇನು ಕರುಳು ಅನ್ನೋದು ಇದೆಯೋ ಇಲ್ವೋ? ತಗೊಳ್ರೀ, ಬರ್ಕೊಳ್ಳಿ."

ಹೆಡ್‌ಮಾಸ್ಟರು ಗಡಬಡಿಸಿ ಪೆನ್ನು ತೆಗೆದರು.

"ಮೊದಲು ಆ ಮಗುವಿಗೆ ಒಂದು ವಾರ ಪೂರ್ತಿ ವಿಶ್ರಾಂತಿ. ಯಾರೂ ಗದರಿಸಬಾರದು. ಯಾರೂ ನಗು ಅಂತ ಬಲವಂತ ಮಾಡಬಾರದು. ಪಕ್ಕದಲ್ಲಿ ಕೂರಿಸಿಕೊಂಡು ಏನಾಗಿದೆ ಅಂತ ಕೇಳಬೇಕು. ಹೇಳೋದನ್ನ ಪೂರ್ತಿ ಕೇಳಿಸ್ಕೊಬೇಕು."

ಗೆಸ್ಟ್ ಮಿಸ್ ತಟ್ಟೆ ಹಿಡಿದೇ ನಿಂತಿದ್ದಳು. ಯಾರ ಮಗುವೋ ಏನೋ ಅಂತ ಅವಳೂ ಮರುಗುತ್ತಿದ್ದಳು, ತನ್ನ ಕ್ಲಾಸಿನಲ್ಲೇ ಇದ್ದು ತನಗೇ ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಪಡುತ್ತಿದ್ದಳು. ಆದರೆ ಆ ಮಾತುಗಳು ಕಿವಿಗೆ ಎಷ್ಟು ತಂಪಾಗಿದ್ದವು! ಹನ್ನೊಂದು ವರ್ಷದಲ್ಲಿ ಈ ರೂಮಿನಲ್ಲಿ ಅಂಥ ಮಾತು ಅವಳು ಕೇಳಿರಲಿಲ್ಲ.

"ಎಲ್ಲಿ, ಆ ಮಗೂನ ಕರೀರಿ," ಅಂದರು ಸಾಹೇಬ್ರು.

"ಇಲ್ಲೇ ಇದಾರಲ್ಲ ಸಾರ್," ಅಂದಳು ಚಾಕ್‌ಪೀಸ್. ಟೀ ತಟ್ಟೆ ಕಡೆ ಬೆರಳು ತೋರಿಸಿದಳು. "ನಮ್ಮ ಮಿಸ್ಸು."

ಸಾಹೇಬ್ರು, ಹೆಡ್‌ಮಾಸ್ಟರು ಇಬ್ಬರೂ ತಟ್ಟೆ ಕಡೆ ತಿರುಗಿದರು.

"ತರಗತಿಯಲ್ಲಿರೋ ಎಲ್ಲರೂ ಬರೀಬೇಕು ಅಂತ ಮಿಸ್ಸೇ ಹೇಳಿದ್ರು ಸಾರ್. ನಮ್ದೆಲ್ಲ ಆದ್ಮೇಲೆ ಮಿಸ್ಸು ಒಬ್ಬರು ಉಳ್ಕೊಂಡಿದ್ರು. ಅವರಿಗೆ ಪುರುಸೊತ್ತು ಇರ್ತಿರಲಿಲ್ಲ. ಅದಕ್ಕೆ ನಾನೇ ಅವರ ಮುಖ ನೋಡಿ ಬರೀತಿದ್ದೆ."

"ಹೆಸರು ಯಾಕೆ ಬರೆದಿಲ್ಲ?"

"ಗೆಸ್ಟ್ ಅಂತ ಬರೆಯೋಕೆ ಬರಲ್ಲ ಸಾರ್. ಒತ್ತಕ್ಷರ ಇನ್ನೂ ಹೇಳ್ಕೊಟ್ಟಿಲ್ಲ."

"ಈ ಒಂದು ದಿನ ನಗ್ತಿರೋ ಹಾಗೆ ಬರೆದಿದ್ದೀಯಲ್ಲ?"

"ಅವತ್ತು ಹೆಡ್‌ಮಾಸ್ಟರು ರಜಾ ಸಾರ್."

ಸಾಹೇಬ್ರು "ಓ" ಅಂದರು. ಪೆನ್ನಿಗೆ ಕ್ಯಾಪ್ ಹಾಕಿದರು. ಮುಖದ ಮೇಲಿದ್ದ ಮರುಕ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. "ಟೀಚರಾ? ನಾನೆಲ್ಲೋ ಮಗು ಅಂದ್ಕೊಂಡು ಗಾಬರಿ ಆಗಿಬಿಟ್ಟೆ." ಹೊಟ್ಟೆ ಕುಲುಕಿಸಿ ನಕ್ಕರು. ಹೆಡ್‌ಮಾಸ್ಟರೂ ನಕ್ಕರು. "ಬರ್ಕೊಂಡಿದ್ದು ಹೊಡೆದುಹಾಕಿಬಿಡಿ ಹಾಗಾದ್ರೆ."

ಹೆಡ್‌ಮಾಸ್ಟರು ಹೊಡೆದುಹಾಕಿದರು. ವಿಶ್ರಾಂತಿಯ ಮೇಲೆ ಒಂದು ಗೆರೆ. ಗದರಿಸಬಾರದು, ಅದರ ಮೇಲೆ ಒಂದು ಗೆರೆ. ಕೇಳಿಸಿಕೊಳ್ಳಬೇಕು, ಅದರ ಮೇಲೂ ಒಂದು ಗೆರೆ. ಅವಳು ನಿಂತು ನೋಡಿದಳು.

"ಮಕ್ಕಳ ತಮಾಷೆ, ತಪ್ಪಲ್ಲ. ಆದ್ರೆ ಸಂಖ್ಯೆ ಹೊಂದಬೇಕು ನೋಡಿ. ಆ ಸಾಲು ಅಳಿಸಿ ಇಡಿ, ಸಹಿ ಹಾಕ್ತೀನಿ. ಪ್ರಶಸ್ತಿ ನಿಮ್ಮದೇ ಅಂದ್ಕೊಳ್ಳಿ," ಅಂದು ಸಾಹೇಬ್ರು ಟೀ ಮುಗಿಸಿ ಕೈ ತೊಳೆಯೋಕೆ ಹೊರಗೆ ಹೋದರು.

ಹೆಡ್‌ಮಾಸ್ಟರು ಮೇಜಿನ ಡ್ರಾಯರಿಂದ ರಬ್ಬರ್ ತೆಗೆದು ಅವಳ ಮುಂದೆ ತಳ್ಳಿದರು. ದನಿ ತಗ್ಗಿಸಿದರು. "ಮಾನ ಕಳೆದ್ರಲ್ಲಾ! ಬೇಗ ಬೇಗ ಅಳಿಸ್ರೀ."

ಅವಳು ಟೀ ತಟ್ಟೆ ಮೇಜಿನ ಮೇಲಿಟ್ಟಳು. ಪುಸ್ತಕ ಎತ್ತಿಕೊಂಡು ಆ ಸಾಲು ನೋಡಿದಳು. ಎಷ್ಟು ಚೆನ್ನಾಗಿ ಬರೆದಿದ್ದಳು ಹುಡುಗಿ! ಶಿಬಿರದ ದಿನ ಬಾಯಿಯ ತುದಿ ಗಲ್ಲದವರೆಗೂ ಇಳಿದಿತ್ತು. ಮಂಡಿ ಊದಿದ ದಿನ ಬಾಯಿ ಸೊಟ್ಟ. ತಾನು ನಗುತ್ತಿದ್ದೇನೆ ಅಂತ ತಾನೇ ನಂಬಿದ್ದ ದಿನಗಳಲ್ಲೂ ಬಾಯಿ ಕೆಳಗೇ ಇತ್ತು. ಏಳು ವರ್ಷದ ಮಗು, ಚಾಕ್‌ಪೀಸ್ ತಿನ್ನೋ ಮಗು, ಅದಕ್ಕೆ ಕಂಡಿದೆ. ಬಚ್ಚಲಲ್ಲಿ ಬಾರದ ನೀರು ಈಗ ಕಣ್ಣಿಗೆ ಬಂತು. ಹೊಟ್ಟೆಯೊಳಗಿಂದ ಅದರ ಹಿಂದೆಯೇ ಇನ್ನೇನೋ ಬಂತು, ಅದು ನೀರಲ್ಲ.

"ಅಳಿಸಲ್ಲ ಸಾರ್."

"ಏನಂದ್ರಿ?"

"ಹನ್ನೊಂದು ವರ್ಷ ಅಳಿಸಿದ್ದು ಸಾಲದಾ ಸಾರ್? ಇನ್ನೂ ಅಳಿಸಬೇಕಾ?"

ಅವಳು ಕೆಂಪು ಮೆತ್ತೆಯ ಕುರ್ಚಿ ಎಳೆದುಕೊಂಡಳು. ಕೂತಳು. ಮೆತ್ತೆ ಸಾಹೇಬ್ರ ಬಿಸಿಗೆ ಇನ್ನೂ ಬೆಚ್ಚಗಿತ್ತು. ಊದಿದ ಮಂಡಿ ಎರಡನ್ನೂ ಮುಂದಕ್ಕೆ ಚಾಚಿದಳು. ಅಬ್ಬಾ, ಎಷ್ಟು ಮೆತ್ತಗಿತ್ತು ಅದು. ದಿನಾ ಒರೆಸಿಯೂ ಗೊತ್ತಿರಲಿಲ್ಲ.

ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ ಸಾಹೇಬ್ರು ತಮ್ಮ ಕುರ್ಚಿ ನೋಡಿದರು. ಹೆಡ್‌ಮಾಸ್ಟರು ನೋಡಿದರು. "ಏಳ್ರೀ! ಯಾರ ಕುರ್ಚಿ ಅಂತ ಗೊತ್ತಾ ಅದು?"

"ಗೊತ್ತು ಸಾರ್. ಹಿಂದೆ ಬರೆದಿದೆ. ಅತಿಥಿಗಳಿಗೆ ಮಾತ್ರ ಅಂತ. ಈ ಶಾಲೆಯಲ್ಲಿ ನನಗಿಂತ ಹಳೇ ಅತಿಥಿ ಇನ್ಯಾರಿದ್ದಾರೆ?" ಅವಳು ಸಾಹೇಬ್ರ ಕಡೆ ತಿರುಗಿದಳು. "ಸಾರ್, ಆಗ ಹೇಳಿದ್ರಲ್ಲ. ನಲವತ್ತೆರಡನೇ ನಂಬರಿಗೆ ಒಂದು ವಾರ ವಿಶ್ರಾಂತಿ. ಯಾರೂ ಗದರಿಸಬಾರದು. ನಗು ಅಂತ ಬಲವಂತ ಮಾಡಬಾರದು. ನನಗೆ ಆ ವಾರ ಬೇಕು."

"ನೋಡಮ್ಮ," ಅಂದರು ಸಾಹೇಬ್ರು, ಮೃದುವಾಗಿಯೇ. "ಅದು ಮಕ್ಕಳಿಗೆ ಹೇಳಿದ್ದು. ಗೆಸ್ಟ್‌ಗಳಿಗೆ ರಜೆ ಅಂತ ಇಲ್ಲವಲ್ಲ."

"ಅಳು ಒಂದೇ ಸಾರ್. ಮಗೂದು ಅಂದ್ಕೊಂಡಾಗ ನಿಮ್ಮ ಕಣ್ಣಲ್ಲಿ ನೀರು ಬಂತು. ನನ್ನದು ಅಂದ ಕೂಡಲೇ ನಗು ಬಂತು."

ಸಾಹೇಬ್ರ ಹತ್ತಿರ ಅದಕ್ಕೆ ಸುತ್ತೋಲೆ ಇರಲಿಲ್ಲ. ಗಡಿಯಾರ ನೋಡಿಕೊಂಡರು. "ಇನ್ನೊಂದು ಶಾಲೆ ನೋಡಬೇಕು, ಬರ್ತೀನಿ," ಅಂದರು. ನಿಂತುಕೊಂಡೇ ಹೇಳಿದರು, ಕೂರೋಕೆ ಕುರ್ಚಿ ಇರಲಿಲ್ಲ. ಸಹಿ ಹಾಕಲಿಲ್ಲ. ಹೆಡ್‌ಮಾಸ್ಟರು ಗೇಟಿನವರೆಗೆ ಕೈ ಹಿಸುಕಿಕೊಂಡು ಓಡಿದರು. ವಾಪಸು ಬಂದಾಗ ಕಿವಿ ಕೆಂಪಗಾಗಿತ್ತು.

"ಮುಗೀತು ನಿಮ್ಮ ಕಥೆ. 'ತೃಪ್ತಿಕರವಾಗಿದೆ' ಅಂತ ನನ್ನ ಪೆನ್ನಿಂದ ಇನ್ನು ಬರಲ್ಲ. ಮುಂದಿನ ವರ್ಷ ಈ ಗೇಟು ದಾಟಿ ಒಳಗೆ ಬನ್ನಿ ನೋಡೋಣ!"

ಅವಳಿಗೆ ಭಯ ಆಯ್ತು. ಇಲ್ಲ ಅಂದರೆ ಸುಳ್ಳು. ಅತ್ತೆಯ ಮುಖ, ಮಗಳ ಫೀಸು, ಗಂಡನ ಲಾರಿ, ಎಲ್ಲಾ ಒಂದು ಸಲ ಕಣ್ಣ ಮುಂದೆ ಬಂದುಹೋಯ್ತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

"ಅತಿಥೀನ ಹೊರಡು ಅನ್ನಬಾರದು ಸಾರ್. ಹೊರಡೋದು ಯಾವಾಗ ಅಂತ ಅತಿಥೀನೇ ಹೇಳಬೇಕು."

ತನ್ನ ಬ್ಯಾಗಿನಿಂದ ನೀಲಿ ಪೆನ್ನು ತೆಗೆದಳು. ನಲವತ್ತೆರಡನೇ ನಂಬರಿನ ಎದುರು ಖಾಲಿ ಇದ್ದ ಜಾಗದಲ್ಲಿ ತನ್ನ ಹೆಸರು ಬರೆದಳು. ಪೂರ್ತಿ ಬರೆದಳು, ಇನಿಷಿಯಲ್ ಸಮೇತ, ಒತ್ತಕ್ಷರ ಸಮೇತ. ಆಮೇಲೆ ಪೆನ್ಸಿಲ್ಲಿನ ಬಾಯಿಗಳ ಮೇಲೆ ಒಂದೊಂದಾಗಿ ಪೆನ್ನು ಆಡಿಸುತ್ತಾ ಹೋದಳು. ಮೊದಲನೇ ತಿಂಗಳು. ಎರಡನೇ ತಿಂಗಳು. ಹೆಡ್‌ಮಾಸ್ಟರು ರಜಾ ಹಾಕಿದ್ದ ದಿನದ ನಗುವಿನ ಮೇಲೂ ಪೆನ್ನು ಆಡಿಸಿದಳು, ಅದೂ ನಿಜವೇ. ಹೆಡ್‌ಮಾಸ್ಟರು ರಬ್ಬರ್ ಹಿಡಿದು ನಿಂತೇ ಇದ್ದರು. ಬಾಗಿಲಲ್ಲಿ ಹಿರಿಯ ಮಿಸ್ಸು ಒಂದು ಅಳೋ ಮಗುವಿನ ಕೈ ಹಿಡಿದು ಬಂದು ನಿಂತರು, ಒಳಗಿನದನ್ನ ನೋಡಿದರು, ಮಗುವನ್ನ ಎತ್ತಿಕೊಂಡು ತಾವೇ ಸಮಾಧಾನ ಮಾಡುತ್ತಾ ವಾಪಸು ಹೋದರು.

ಶಾಲೆ ಬಿಡೋ ಗಂಟೆ ಹೊಡೆಯಿತು. ಚಾಕ್‌ಪೀಸ್ ಗೋಡೆಗೆ ಅಂಟಿಕೊಂಡು ಅಷ್ಟೂ ಹೊತ್ತು ನಿಂತಿದ್ದಳು. ಕಣ್ಣಲ್ಲಿ ಭಯ.

"ಮಿಸ್, ನನ್ನಿಂದ ತಪ್ಪಾಯ್ತಾ?"

"ಇಲ್ಲ ಕಂದ. ಇವತ್ತಿನ ಸಂಜೇದು ಇನ್ನೂ ಬರೆದಿಲ್ಲವಲ್ಲ, ಬಾ."

ಹುಡುಗಿ ಹತ್ತಿರ ಬಂದಳು. ಮಿಸ್ಸಿನ ಮುಖವನ್ನ ತುಂಬಾ ಹೊತ್ತು ನೋಡಿದಳು. ಪೆನ್ಸಿಲ್ ತುದಿ ತುಟಿಗೆ ತಾಗಿಸಿಕೊಂಡು ಯೋಚನೆ ಮಾಡಿದಳು. ಆಮೇಲೆ ಚೌಕದೊಳಗೆ ದೊಡ್ಡದೊಂದು ಬಾಯಿ ಬರೆಯೋಕೆ ಶುರುಮಾಡಿದಳು. ತುದಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಗಲಕ್ಕೆ ತೆರೆದ ಬಾಯಿ. ಅದರ ಒಳಗೆ ಒಂದೊಂದಾಗಿ ಹಲ್ಲು.

ಹೆಡ್‌ಮಾಸ್ಟರು ಬಗ್ಗಿ ನೋಡಿದರು. "ಇದೇನಿದು? ನಗ್ತಿದಾರೋ ಅಳ್ತಿದಾರೋ?"

"ಎರಡೂ ಅಲ್ಲ ಸಾರ್. ಸಿಟ್ಟು."

"ಅದು ಸುತ್ತೋಲೆಯಲ್ಲಿ ಇಲ್ಲ!"

ಹುಡುಗಿ ಬೆದರಿ ಪೆನ್ಸಿಲ್ ಹಿಂದಕ್ಕೆ ತೆಗೆದುಕೊಂಡಳು. ಮಿಸ್ ಆ ಪೆನ್ಸಿಲ್ ಇಸಿದುಕೊಂಡು, ತನ್ನ ಪೆನ್ನನ್ನ ಅವಳ ಕೈಗೆ ಕೊಟ್ಟಳು.

"ಇನ್ನೂ ಎರಡು ಹಲ್ಲು ಬಾಕಿ ಇದೆ. ಪೆನ್ನಲ್ಲೇ ಬರಿ."